ಹಾಡಿಗೊಂದು ಮುಖ ಬೇಕಂತೆ!

ಚಂದನ್ ಶೆಟ್ಟಿಯವರ 'ತ್ರೀ ಪೆಗ್' ಬಂದಿದ್ದು 2016ರಲ್ಲಿ. ಮುಂದಿನ ವರ್ಷದ ಗಣೇಶನ ಹಬ್ಬದ ಹೊತ್ತಿಗೆ ನಮ್ಮ ವಿಜಯನಗರದ ಕಡೆ ಇದ್ದವರು ಅದನ್ನು ಕೇಳದೆ ತಪ್ಪಿಸಿಕೊಳ್ಳುವ ಹಾಗೇ ಇರಲಿಲ್ಲ. ಗಣೇಶನ ಪೆಂಡಾಲಿನಲ್ಲಿ ಅದೇ, ಅಣ್ಣಮ್ಮನನ್ನು ಕೂರಿಸಿದ ಬೀದಿಯಲ್ಲಿ ಅದೇ, ಮಾಗಡಿ ರಸ್ತೆಯ ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಆಟೋದೊಳಗೂ ಅದೇ. ವಿಘ್ನೇಶ್ವರನ ಮುಂದೆ ಪೆಗ್ಗಿನ ಲೆಕ್ಕ! ನಮ್ಮ ಬೀದಿಯ ಹಿರಿಯರೊಬ್ಬರು ಬೆಳಗಿನ ವಾಕಿಂಗಿನಲ್ಲಿ ಸಿಕ್ಕಿ, "ಏನ್ರೀ ಇದು, ಹಾಡೋ, ಬಾರಿನ ಬಿಲ್ಲೋ?" ಅಂತ ಕೇಳಿದ್ದರು. ಅವರು ಹಾಗೆ ಕೇಳುತ್ತಿರುವಾಗಲೇ ಅವರ ಮೊಮ್ಮಗ ಮಹಡಿ ಮೇಲೆ ನಿಂತು ಅದನ್ನೇ ಗುನುಗುತ್ತಾ ಹಲ್ಲುಜ್ಜುತ್ತಿದ್ದ :)

ನನಗೆ ಆ ಹಾಡು ಇಷ್ಟವಾಯಿತಾ ಅಂದರೆ, ಇಲ್ಲ. ಆದರೆ ಕಿವಿ ಬಿಟ್ಟು ಹೋಗಲೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹಾಡಿನ ಹಿಂದಿನ ಮನುಷ್ಯ ಮುಂದೆ ಹೋದ ದಾರಿ ನನ್ನ ಕುತೂಹಲ ಕೆರಳಿಸಿತು. ಹಾಡು ಬರೆಯುತ್ತಿದ್ದವರು ಹಾಡುಗಾರರಾದರು, ಹಾಡುಗಾರರು ಟಿವಿಯವರಾದರು, ಟಿವಿಯವರು ಸಿನಿಮಾ ನಾಯಕರಾದರು. ಇದೊಂದು ಬಡ್ತಿಯ ಕತೆ ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಲೂ ಬಡ್ತಿಯಾ? ಈ ಪ್ರಶ್ನೆ ನನಗೆ ಈಗ ಸುಮ್ಮನೆ ಹರಟೆಯ ಪ್ರಶ್ನೆಯಾಗಿ ಉಳಿದಿಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಚಂದನ್ ಹಾಸನ ಜಿಲ್ಲೆ ಸಕಲೇಶಪುರದ ಕಡೆಯವರು. 2012ರ 'ಅಲೆಮಾರಿ' ಚಿತ್ರದ ಹೊತ್ತಿಗೆ ಅರ್ಜುನ್ ಜನ್ಯ ಅವರ ಜೊತೆ ಸೇರಿ ಹಾಡು ಬರೆಯೋದು, ಸಂಗೀತದ ಕೆಲಸಕ್ಕೆ ಕೈಜೋಡಿಸೋದು ಶುರು ಮಾಡಿದವರು. ಅಂದರೆ ತೆರೆಯ ಹಿಂದಿನ ಕೆಲಸ. ಸಿನಿಮಾ ಮುಗಿದು ಹೆಸರುಗಳು ಓಡುವಾಗ ಜನ ಕತ್ತಲೆಯಲ್ಲಿ ಚಪ್ಪಲಿ ಹುಡುಕುತ್ತಿರುತ್ತಾರಲ್ಲ, ಆ ಹೆಸರುಗಳ ಸಾಲಿನ ಕೆಲಸ.

ಕನ್ನಡಕ್ಕೆ ರ‍್ಯಾಪ್ ತಂದವರು ಇವರೊಬ್ಬರೇ ಅಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಇವರಿಗಿಂತ ಮುಂಚೆ ಆಲೋಕ್ ಬಾಬು ('ಆಲ್ ಓಕೆ' ಅಂತ ನಿಮಗೆಲ್ಲ ಗೊತ್ತಿರುವವರು) ಮತ್ತು ರಾಕೇಶ್ ಅಡಿಗ ಸೇರಿ 'ಅರ್ಬನ್ ಲ್ಯಾಡ್ಸ್' ಅನ್ನುವ ತಂಡ ಕಟ್ಟಿಕೊಂಡು ಬೆಂಗಳೂರಿನಲ್ಲಿ ಕನ್ನಡ ರ‍್ಯಾಪ್ ಹಾಡುತ್ತಿದ್ದರು. ಆಗ ಅದನ್ನು ಕೇಳಿಸಿಕೊಳ್ಳುವ ದಾರಿಯೇ ಇರಲಿಲ್ಲ. ಎಫ್‌ಎಮ್ಮಿನಲ್ಲಿ ಸಿನಿಮಾ ಹಾಡು, ಕ್ಯಾಸೆಟ್ ಅಂಗಡಿಯಲ್ಲಿ ಸಿನಿಮಾ ಹಾಡು, ಮದುವೆಯ ಆರ್ಕೆಸ್ಟ್ರಾದಲ್ಲೂ ಸಿನಿಮಾ ಹಾಡು. ಭಾವಗೀತೆ, ಜನಪದಕ್ಕೆ ಒಂದು ಮೂಲೆ ಇತ್ತು. ಇವೆರಡೂ ಅಲ್ಲದ್ದಕ್ಕೆ ಮೂಲೆಯೂ ಇಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅನ್ನೋದು ನೀರಿನ ಹಾಗೆ ಸಿಗತೊಡಗಿದ ಮೇಲೆ ಕತೆಯೇ ಬೇರೆಯಾಯಿತು. ಕೆಂಗೇರಿ ಬಸ್ಸಿನಲ್ಲಿ ನಿಂತಿದ್ದ ಹುಡುಗ ಇಯರ್‌ಫೋನ್ ಸಿಕ್ಕಿಸಿಕೊಂಡು ತನಗೆ ಬೇಕಾದ್ದನ್ನು ತಾನೇ ಹುಡುಕಿ ಕೇಳಬಹುದಾಯಿತು. ಆ ಗಳಿಗೆಯಲ್ಲಿ ಬಾಗಿಲ ಹತ್ತಿರವೇ ನಿಂತಿದ್ದ ಹಾಡು 'ತ್ರೀ ಪೆಗ್'.

ಇನ್ನೊಂದು ವಿಷಯ ನನಗೆ ಆಮೇಲೆ ನಿಧಾನಕ್ಕೆ ಹೊಳೆದದ್ದು. ರ‍್ಯಾಪ್ ಅಂದರೆ ಹಾಡುವವನು ತನ್ನ ಹೆಸರು ಹೇಳಿ, ತನ್ನ ಬೀದಿ ಹೇಳಿ, ತನ್ನ ಸಿಟ್ಟನ್ನು ತಾನೇ ಹೇಳೋದು ಅಂತಾರೆ. ನಮ್ಮಲ್ಲಿ ಜನಪ್ರಿಯವಾದ ರ‍್ಯಾಪಿನಲ್ಲಿ ಮಾತಾಡುತ್ತಿದ್ದದ್ದು ಒಬ್ಬ ಕುಡುಕ. ಆ ಕುಡುಕ ಹಾಡುವವರೇ ಆಗಬೇಕಾಗಿಲ್ಲ, ಅದೊಂದು ಪಾತ್ರ. ಹಾಗೆ ನೋಡಿದರೆ ಚಂದನ್ ನಟರಾದದ್ದು ಕ್ಯಾಮೆರಾ ಮುಂದೆ ನಾಯಕನಾಗಿ ನಿಂತ ದಿನ ಅಲ್ಲ, ಆ ಹಾಡು ಹಾಡಿದ ದಿನವೇ.

ಇದೇನೂ ನಮಗೆ ಹೊಸದಲ್ಲ ಬಿಡಿ. 1930ರ ದಶಕದಲ್ಲೇ ಜಿ.ಪಿ. ರಾಜರತ್ನಂ ನಮಗೆ ಯೆಂಡ್ಕುಡುಕ ರತ್ನನನ್ನು ಕೊಟ್ಟಿದ್ದರು. ಬರೆದವರು ಕನ್ನಡ ಮೇಷ್ಟ್ರು, ಮಕ್ಕಳಿಗೆ ನಾಯಿಮರಿಯ ಪದ್ಯ ಬರೆದುಕೊಟ್ಟವರು. ಮಾತಾಡಿದವನು ಮಾತ್ರ ನಾಲಗೆ ತೊದಲುವ ರತ್ನ. ಕುಡುಕನ ಬಾಯಲ್ಲಿ ಕನ್ನಡದ ಮೇಲಿನ ಪ್ರೀತಿಯನ್ನೂ ಸಂಸಾರದ ಸುಖವನ್ನೂ ಹೇಳಿಸಿದರು. ಮೈಸೂರು ಅನಂತಸ್ವಾಮಿಯವರು ಹಾಡಿದಾಗ ಮೊಮ್ಮಕ್ಕಳಿದ್ದ ಅಜ್ಜಿಯರೂ ತಲೆದೂಗಿದರು. ಕುಡುಕನ ಮುಖವಾಡ ಹಾಕಿಕೊಂಡರೆ ನಮ್ಮಲ್ಲಿ ಏನನ್ನಾದರೂ ಹೇಳಬಹುದು. ರತ್ನ ಆ ಅವಕಾಶ ಬಳಸಿಕೊಂಡು ಬಹಳ ದೂರ ಹೋದ. ನಮ್ಮ ಪಾರ್ಟಿ ಹಾಡುಗಳು ಆ ಮುಖವಾಡ ಹಾಕಿಕೊಂಡು ಪೆಗ್ಗಿನ ಹತ್ತಿರವೇ ನಿಂತುಬಿಟ್ಟವು ಅನ್ನೋದೇ ನನ್ನ ತಕರಾರು.

ಕಸುಬಿನ ಬಗ್ಗೆ ಮಾತ್ರ ತಕರಾರಿಲ್ಲ. ಕನ್ನಡದಲ್ಲಿ ರ‍್ಯಾಪ್ ಬರೆಯೋದು ನೋಡಿದಷ್ಟು ಸುಲಭ ಅಲ್ಲ. ನಮ್ಮ ಪದಗಳೆಲ್ಲ ಸಾಮಾನ್ಯವಾಗಿ ಸ್ವರದಲ್ಲಿ ಮುಗಿಯುತ್ತವೆ. ಮನೆ, ಮರ, ಹಾದಿ, ಊರು. ಸಾಲಿನ ಕೊನೆಗೆ 'ಇದೆ', 'ಆಗಿದೆ', 'ಅಲ್ಲಿ', 'ಇಲ್ಲಿ' ಇಟ್ಟರೆ ಪ್ರಾಸ ತಾನಾಗೇ ಬಂದುಬಿಡುತ್ತೆ. ಪುಕ್ಕಟೆ ಸಿಕ್ಕಿದ್ದಕ್ಕೆ ರುಚಿ ಇರಲ್ಲ ನೋಡಿ, ಹಾಗೆ ಅದು ಸಪ್ಪೆ. ಇಂಗ್ಲಿಷಿನ ಹುಡುಗನಿಗೆ ವ್ಯಂಜನದಲ್ಲಿ ಕಟ್ ಆಗುವ ಪದಗಳು ಬೇಕಾದಷ್ಟಿವೆ, ತಾಳದ ಮೇಲೆ ಸುತ್ತಿಗೆ ಹೊಡೆದ ಹಾಗೆ ಬೀಳುತ್ತವೆ. ಕನ್ನಡದವನು ಆ ಏಟನ್ನು ಎಲ್ಲಿಂದ ತರಬೇಕು? ಒತ್ತಕ್ಷರದಿಂದ! ಕಟ್ಟೆ, ಬಿಟ್ಟೆ, ಕೊಟ್ಟೆ, ಕೆಟ್ಟೆ... ಹೇಳಿ ನೋಡಿ, ತಮಟೆ ಕೇಳಿಸುತ್ತೆ. ಇಲ್ಲದಿದ್ದರೆ ಬೆಂಗಳೂರಿನ ಆಡುಮಾತಿನ ಹಾಗೆ ಬಾಲ ಕತ್ತರಿಸಬೇಕು. 'ಬಂದುಬಿಟ್ಟೆ' ಹೋಗಿ 'ಬಂದ್ಬುಟ್ಟೆ' ಆಗಬೇಕು.

1911ರಲ್ಲಿ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸ ಬಿಟ್ಟು ಪದ್ಯ ಬರೆದಾಗ ದೊಡ್ಡ ಚರ್ಚೆಯೇ ಆಯಿತು ಅಂತ ಓದಿದ್ದೇವೆ. ಆಮೇಲೆ ನವ್ಯದವರು ಬಂದ ಮೇಲೆ ಪ್ರಾಸ ಅಂದರೆ ಹಳೇ ಟ್ರಂಕಿನಲ್ಲಿಟ್ಟ ರೇಷ್ಮೆ ಪಂಚೆಯಂತಾಯಿತು. ಅದನ್ನು ಹೊರಗೆ ತೆಗೆದು ಕೊಡವಿ ಉಟ್ಟುಕೊಂಡು ಬೀದಿಗೆ ಬಂದವರು ಈ ಟೋಪಿ, ಕೂಲಿಂಗ್ ಗ್ಲಾಸಿನ ಹುಡುಗರು. ಇದಕ್ಕೊಂದು ಶಹಭಾಸ್ ಹೇಳಲೇಬೇಕು.

ಇರಲಿ, ಮತ್ತೆ ಚಂದನ್ ವಿಷಯಕ್ಕೆ ಬರೋಣ. 2017ರಲ್ಲಿ 'ಚಾಕೊಲೇಟ್ ಗರ್ಲ್' ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಬಿಗ್ ಬಾಸ್ ಐದನೇ ಸೀಸನ್ನಿನ ಮನೆಯೊಳಗೆ ಹೋದರು. ಆ ಮನೆ ಇದ್ದದ್ದು ನಮ್ಮ ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ಬಿಡದಿಯ ಇನ್ನೋವೇಟಿವ್ ಫಿಲ್ಮ್ ಸಿಟಿಯಲ್ಲಿ. ನನ್ನ ಅಕ್ಕನ ಮನೆ ಕೆಂಗೇರಿ ಉಪನಗರದಲ್ಲಿ. "ಇಲ್ಲೇ ಪಕ್ಕದಲ್ಲೇ ಇದ್ದಾರೆ ಕಣೋ" ಅಂತ, ಏನೋ ಎದುರು ಮನೆಗೆ ಬಾಡಿಗೆಗೆ ಬಂದವರ ಹಾಗೆ ಅಕ್ಕ ಹೇಳೋಳು. 'ತ್ರೀ ಪೆಗ್' ಕೇಳಿದರೆ ಕಿಟಕಿ ಮುಚ್ಚುತ್ತಿದ್ದವಳು, ಅದನ್ನು ಹಾಡಿದವರು ಮನೆಯೊಳಗೆ ಪಾತ್ರೆ ತೊಳೆಯೋದನ್ನು, ಕೂತಲ್ಲೇ ಹಾಡು ಕಟ್ಟೋದನ್ನು ದಿನಾ ರಾತ್ರಿ ನೋಡಿ ನೋಡಿ, "ಪಾಪ, ಒಳ್ಳೇ ಹುಡುಗ" ಅನ್ನತೊಡಗಿದಳು. 2018ರ ಜನವರಿ 28ರಂದು ಸುದೀಪ್ ಅವರ ಕೈ ಎತ್ತಿದಾಗ ಅಕ್ಕನ ಮನೆಯಲ್ಲಿ ಪಾಯಸ ಆಗಿತ್ತು ಅಂದರೆ ನಂಬ್ತೀರಾ? ಗೆದ್ದವರಿಗೆ 50 ಲಕ್ಷ. ಮುಂದಿನ ತಿಂಗಳೇ ಆ ಮನೆ ಬೆಂಕಿಗೆ ಸುಟ್ಟು ಹೋಯಿತು. ಆದರೆ ಅಲ್ಲಿಂದ ಹೊರಬಂದ ಚಂದನ್ ಬೇರೆಯೇ ಆಗಿದ್ದರು. 'ಕನ್ನಡ ಕೋಗಿಲೆ'ಯಲ್ಲಿ ಸಾಧು ಕೋಕಿಲ, ಅರ್ಚನಾ ಉಡುಪ ಅವರ ಪಕ್ಕ ತೀರ್ಪುಗಾರರಾಗಿ ಕೂತರು. ಬಾರಿನ ಬಿಲ್ಲು ಅಂತ ಬೈಸಿಕೊಂಡ ದನಿ, ಇನ್ನೊಬ್ಬರ ಶ್ರುತಿ ಸರಿಯಿದೆಯಾ ಅಂತ ಹೇಳುವ ಕುರ್ಚಿಗೆ ಬಂತು.

ಅವರ ಹಾಡು ಬದಲಾಗಿತ್ತಾ? ಇಲ್ಲ. ಬದಲಾದದ್ದು ಒಂದೇ. ನಮ್ಮ ಅಕ್ಕಂದಿರಿಗೆ ಅವರ ಮುಖದ ಪರಿಚಯವಾಗಿತ್ತು.

ಇದು ನಮ್ಮ ಹಳೇ ಅಭ್ಯಾಸವೇ ಅಲ್ಲ ಅನ್ನೋದು ಆಶ್ಚರ್ಯ. ಯಕ್ಷಗಾನದಲ್ಲಿ ಭಾಗವತರು ಜಾಗಟೆ ಹಿಡಿದು ಹಿಂದೆ ಕೂತಿರುತ್ತಾರೆ, ವೇಷ ಮುಂದೆ ಕುಣಿಯುತ್ತೆ. ಇಡೀ ಆಟ ನಡೆಸುವವರು ಭಾಗವತರೇ ಅಂತ ನೋಡುವವರಿಗೆಲ್ಲ ಗೊತ್ತು. ಅವರನ್ನು ಯಾರೂ "ನೀವ್ಯಾಕೆ ಬಣ್ಣ ಹಚ್ಚಲ್ಲ?" ಅಂತ ಕೇಳಲ್ಲ. ಸಿನಿಮಾದಲ್ಲೂ ಪಿ.ಬಿ. ಶ್ರೀನಿವಾಸ್ ವರ್ಷಗಟ್ಟಲೆ ರಾಜಣ್ಣನಿಗೆ ದನಿಯಾಗಿದ್ದರು. 1974ರ 'ಸಂಪತ್ತಿಗೆ ಸವಾಲ್' ಆದ ಮೇಲೆ ರಾಜ್ ತಾವೇ ಹಾಡತೊಡಗಿದರು, ಅದು ಬೇರೆ ವಿಷಯ. ಆದರೂ ಪಿಬಿಎಸ್ ಅವರ ಗೌರವಕ್ಕೆ ಅವರ ದನಿಯೊಂದೇ ಸಾಕಾಗಿತ್ತು. ಈಗ ಹಾಡು ಅಂದರೇ ವಿಡಿಯೋ. "ಹಾಡು ಕೇಳಿದ್ಯಾ?" ಅಂತ ಯಾರೂ ಕೇಳಲ್ಲ, "ಹಾಡು ನೋಡಿದ್ಯಾ?" ಅಂತಾರೆ. ಗಮನಿಸಿದ್ದೀರಾ?

ಮುಖ ಕೊಟ್ಟ ಮೇಲೆ ಮುಖಕ್ಕೆ ಬೀಳುವ ಏಟನ್ನೂ ತಿನ್ನಬೇಕಾಗುತ್ತೆ. 2020ರಲ್ಲಿ 'ಕೋಲುಮಂಡೆ' ಬಂದಾಗ ಆದದ್ದು ಅದೇ. ಮಲೆ ಮಹದೇಶ್ವರನ ಪರಂಪರೆಯ ಜನಪದ ಹಾಡಿಗೆ ಹೊಸ ತಾಳ ಹಾಕಿ ವಿಡಿಯೋ ಮಾಡಿದ್ದರು. ಶರಣೆ ಸಂಕಮ್ಮನನ್ನು ವಿಡಿಯೋದಲ್ಲಿ ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು, ಚಂದನ್ ಕ್ಷಮೆ ಕೇಳಿದರು. ಸಿಟ್ಟಿಗೆ ಕಾರಣವಾದದ್ದು ಚಿತ್ರ. ನಮ್ಮ ಕಡೆ ಕಂಸಾಳೆಯವರು, ದೇವರಗುಡ್ಡರು ತಲೆಮಾರುಗಳಿಂದ ಸಂಕಮ್ಮನ ಕತೆ ಹಾಡಿಕೊಂಡು ಬಂದಿದ್ದಾರೆ. ಕೇಳಿದವರು ತಮ್ಮ ತಮ್ಮ ಮನಸ್ಸಿನಲ್ಲಿ ತಮ್ಮ ಸಂಕಮ್ಮನನ್ನು ನೋಡಿಕೊಂಡಿದ್ದಾರೆ. ವಿಡಿಯೋ ಬಂದು "ಇಗೋ, ಸಂಕಮ್ಮ ಹೀಗಿದ್ದಳು" ಅಂದರೆ ಅವರು ಒಪ್ಪುತ್ತಾರಾ? ಬರೀ ದನಿಯಾಗಿದ್ದರೆ ದಾಟಿಕೊಂಡು ಹೋಗುತ್ತಿದ್ದ ಹಾಡು ಮುಖ ಇದ್ದದ್ದಕ್ಕೆ ಸಿಕ್ಕಿಹಾಕಿಕೊಂಡಿತು ಅಂತ ನನ್ನ ಲೆಕ್ಕ. ಅದೇ ವರ್ಷ ಅವರದೇ ಸಂಗೀತದ 'ಖರಾಬು' ಹಾಡು ಊರೆಲ್ಲ ಕುಣಿಸುತ್ತಿತ್ತು. 'ಪೊಗರು' ಚಿತ್ರದ್ದು, ಚಿತ್ರ ಬಂದದ್ದು 2021ರ ಫೆಬ್ರವರಿಯಲ್ಲಿ.

ಆಮೇಲೆ ನಾಯಕನ ಪಟ್ಟ. 2024ರ ಜುಲೈನಲ್ಲಿ ಅರುಣ್ ಅಮುಕ್ತ ನಿರ್ದೇಶನದ 'ವಿದ್ಯಾರ್ಥಿ ವಿದ್ಯಾರ್ಥಿನಿಯರೇ', 2025ರ ಮೇ ತಿಂಗಳಲ್ಲಿ 'ಸೂತ್ರಧಾರಿ'. ಎರಡನೆಯದರ ಹೆಸರು ಕೇಳಿ ನನಗೆ ನಗು ಬಂತು. ಸೂತ್ರ ಹಿಡಿದವನು ತೆರೆಯ ಹಿಂದೆ ನಿಂತು ಗೊಂಬೆ ಆಡಿಸುವವನು. ಇಲ್ಲಿ ಸೂತ್ರಧಾರಿಯೇ ಗೊಂಬೆಯಾಗಿ ಮುಂದೆ ಬಂದಿದ್ದರು!

ಹಾಗಾದರೆ ಚಂದನ್ ಹೋಗಬಾರದಿತ್ತಾ? ಛೇ, ಹಾಗಲ್ಲ. ಹೊಟ್ಟೆಪಾಡು ನೋಡಿ. ಹಾಡೊಂದು ಆಡಿಯೋ ಕಂಪನಿಯ ಚಾನೆಲ್ಲಿನಲ್ಲಿ ಬಂದರೆ ವ್ಯೂಸಿನ ದುಡ್ಡು ಮೊದಲು ಹೋಗೋದು ಆ ಚಾನೆಲ್ಲಿಗೆ. ಹಾಡಿದವನಿಗೆ ಆಸರೆ ಅಂದರೆ ಸ್ಟೇಜ್ ಶೋ. ಕಾಲೇಜು ಫೆಸ್ಟು, ಗಣೇಶೋತ್ಸವ, ನವೆಂಬರಿನ ರಾಜ್ಯೋತ್ಸವ. ಮಿಕ್ಕ ತಿಂಗಳು? ಕನ್ನಡದಲ್ಲಿ ಮನರಂಜನೆಯ ದೊಡ್ಡ ಮನೆ ಅಂತ ಇರೋದು ಸಿನಿಮಾ ಒಂದೇ, ಪಕ್ಕದಲ್ಲಿ ಟಿವಿ ಅನ್ನುವ ಔಟ್‌ಹೌಸು. ಹಾಡುಗಾರ ಎಷ್ಟು ದಿನ ಅಂತ ಬೀದಿಯಲ್ಲೇ ನಿಂತಿರಬೇಕು?

ಇದು ನಮ್ಮೊಬ್ಬರ ಕತೆಯೂ ಅಲ್ಲ. 1989ರಲ್ಲಿ ಗ್ರ್ಯಾಮಿಯವರು ಮೊದಲ ಸಲ ರ‍್ಯಾಪಿಗೆ ಒಂದು ಪ್ರಶಸ್ತಿ ಇಟ್ಟರು. ಗೆದ್ದದ್ದು ವಿಲ್ ಸ್ಮಿತ್ ಮತ್ತವರ ಜೊತೆಗಾರ ಡಿಜೆ ಜ್ಯಾಜಿ ಜೆಫ್. ಆದರೆ ಆ ಪ್ರಶಸ್ತಿ ಕೊಡೋದನ್ನು ಟಿವಿಯಲ್ಲಿ ತೋರಿಸಲ್ಲ ಅಂದುಬಿಟ್ಟರು, ಇವರು ಸಮಾರಂಭಕ್ಕೇ ಹೋಗಲಿಲ್ಲ. ಮರುವರ್ಷ, 1990ರಲ್ಲಿ, ಅದೇ ವಿಲ್ ಸ್ಮಿತ್ ಅಮೆರಿಕದ ಮನೆಮನೆಯ ಟಿವಿಯಲ್ಲಿ ಧಾರಾವಾಹಿಯ ನಾಯಕ. ರ‍್ಯಾಪರ್ ಆಗಿ ಗೆದ್ದಾಗ ಬಾಗಿಲು ತೆಗೆಯದ ಟಿವಿ, ನಟ ಅಂದ ತಕ್ಷಣ ಆರತಿ ತಟ್ಟೆ ಹಿಡಿದು ನಿಂತಿತ್ತು. ನಮ್ಮ ದೇಶದಲ್ಲಿ ಬಾಬಾ ಸೆಹಗಲ್: 1992ರಲ್ಲಿ 'ಥಂಡಾ ಥಂಡಾ ಪಾನಿ', 1998ರಲ್ಲಿ 'ಮಿಸ್ 420' ಸಿನಿಮಾ, 2006ರಲ್ಲಿ ಹಿಂದಿಯ ಮೊದಲ ಬಿಗ್ ಬಾಸ್. ರೈಲಿನ ನಿಲ್ದಾಣಗಳ ಹಾಗೆ ಎಲ್ಲರಿಗೂ ಅವೇ ಊರುಗಳು ಬರುತ್ತವೆ.

ಆದರೆ ಇನ್ನೊಂದು ಥರದವರೂ ಇದ್ದಾರೆ. ಐಸ್ ಕ್ಯೂಬ್ 1991ರಲ್ಲಿ 'ಬಾಯ್ಸ್ ಇನ್ ದ ಹುಡ್'ನಲ್ಲಿ ನಟಿಸಿದಾಗ ಆ ಸಿನಿಮಾದ ಹೆಸರು ಬಂದದ್ದೇ ಅವರು ಬರೆದ ಹಾಡಿನಿಂದ. ಲಾಸ್ ಏಂಜಲೀಸಿನ ಯಾವ ಬೀದಿಗಳ ಬಗ್ಗೆ ರ‍್ಯಾಪ್ ಮಾಡುತ್ತಿದ್ದರೋ ಆ ಬೀದಿಗಳದೇ ಕತೆ. ಪಕ್ಕದ ತಮಿಳಿನಲ್ಲಿ ಹಿಪ್‌ಹಾಪ್ ತಮಿಳಾದ ಆದಿ 2017ರಲ್ಲಿ 'ಮೀಸೆಯ ಮುರುಕ್ಕು' ಮಾಡಿದಾಗ ಕತೆ, ನಿರ್ದೇಶನ, ಸಂಗೀತ, ನಾಯಕ ಎಲ್ಲ ತಾವೇ. ಹಾಡುಗಾರನಾಗಬೇಕು ಅಂತ ಹೊರಟ ತಮ್ಮದೇ ಬದುಕಿನ ಕತೆ. ಇವರು ದನಿ ಬಿಟ್ಟು ಮುಖ ಆಗಲಿಲ್ಲ, ದನಿಯನ್ನೇ ಕೈಹಿಡಿದುಕೊಂಡು ಒಳಗೆ ಹೋದರು.

ಈಗ ಈ ವಿಷಯ ನನ್ನ ತಲೆಗೆ ಯಾಕೆ ಹತ್ತಿತು ಅಂತ ಹೇಳ್ತೀನಿ. ಅಕ್ಕನಿಗೆ ಒಬ್ಬನೇ ಮಗ. ಬಿಕಾಂ ಕೊನೇ ವರ್ಷ. ಭಾವ ಕಾಮಾಕ್ಷಿಪಾಳ್ಯದ ಒಂದು ಸಣ್ಣ ವರ್ಕ್‌ಷಾಪಿನಲ್ಲಿ ಟರ್ನರ್, ಮೂವತ್ತು ವರ್ಷದಿಂದ ಲೇತ್ ಮುಂದೆ ನಿಂತಿದ್ದಾರೆ. ಹುಡುಗ ಎರಡು ವರ್ಷದಿಂದ ರ‍್ಯಾಪ್ ಬರೆಯುತ್ತಾನೆ. ಮೊಬೈಲಿನಲ್ಲೇ ಬರೆದು, ರಾತ್ರಿ ಹೊದಿಕೆಯೊಳಗೆ ತಲೆ ತೂರಿಸಿ ಮೊಬೈಲಿನಲ್ಲೇ ರೆಕಾರ್ಡ್ ಮಾಡುತ್ತಾನೆ. ಹೊದಿಕೆಯೊಳಗೆ ಮಾಡಿದರೆ ಫ್ಯಾನಿನ ಸದ್ದು ಬರಲ್ಲವಂತೆ! ಅಕ್ಕನಿಗೆ ಅದು ಕೇಳಿದರೆ ಆಗಲ್ಲ. "ಮಾತಾಡಿದ ಹಾಗಿದೆ, ಬೈದ ಹಾಗಿದೆ, ಹಾಡಿದ ಹಾಗಿಲ್ವಲ್ಲೋ. ನಾಳೆ ಹೆಣ್ಣು ಕೊಡೋರು ಏನ್ ಕೆಲ್ಸ ಅಂದ್ರೆ ಇದನ್ನ ಹೇಳ್ತೀಯಾ?" ಅಂತ ನನ್ನ ಮುಂದೆಯೇ ಎಷ್ಟೋ ಸಲ ಕಣ್ಣೀರು ಹಾಕಿದ್ದಾಳೆ. ಮರ್ಯಾದೆಯ ಪ್ರಶ್ನೆ.

ಅವನು ಬರೆದ ಎರಡು ಸಾಲು ಕೇಳಿ. ಕೆಂಗೇರಿಯಲ್ಲಿ ಹರಿಯುವ ವೃಷಭಾವತಿಯ ಬಗ್ಗೆ:

ಮೋರಿ ಅಂತೀರ ನೀವಿದನ್ನ, ಹೊಳೆ ಅಂತಿದ್ದ ನಮ್ ತಾತ
ದಾರಿ ತಪ್ಪಿದ್ದು ನೀರೋ ನಾವೋ, ಯಾರ್ ಎತ್ತೋರು ಈ ಮಾತ

ಓದಿದವನೇ ಸುಮ್ಮನೆ ಕೂತುಬಿಟ್ಟೆ. ಮೋರಿ, ದಾರಿ ಅಂತ ಎರಡನೇ ಅಕ್ಷರಕ್ಕೆ ಪ್ರಾಸ ಕೂತಿದೆ, ತಾತ, ಮಾತ ಅಂತ ಕೊನೆಗೂ ಕೂತಿದೆ. "ಇದಕ್ಕೆ ಆದಿಪ್ರಾಸ ಅಂತಾರೆ, ಗೊತ್ತೇನೋ?" ಅಂದರೆ, "ಅದೆಲ್ಲ ಗೊತ್ತಿಲ್ಲ ಮಾಮ, ಬಾಯಿಗ್ ಹಂಗೇ ಬಂತು" ಅಂದ.

ಹೋದ ತಿಂಗಳು ಅವನ ಕಾಲೇಜಿನ ಫೆಸ್ಟಿಗೆ ಧಾರಾವಾಹಿ ಮಾಡುವವರ ಕಡೆಯವರು ಯಾರೋ ಬಂದಿದ್ದರಂತೆ. ಇವನು ಹಾಡಿ ಇಳಿದ ಮೇಲೆ ಕರೆದು, "ಹಾಡು ಇರಲಿ ಬಿಡಪ್ಪ, ಮುಖ ಚೆನ್ನಾಗಿದೆ, ಆಡಿಷನ್‌ಗೆ ಬಾ" ಅಂದರಂತೆ. ನಾಯಕನ ತಮ್ಮನ ಪಾತ್ರ. ಅಕ್ಕ ಅವತ್ತೇ ರಾತ್ರಿ ಫೋನ್ ಮಾಡಿದಳು. "ನೋಡೋ, ಅವನ ಹಾಡು ಕೊನೆಗೂ ಕೈಹಿಡೀತು!" ಎರಡು ವರ್ಷ ಹಾಡು ಬಿಡು ಅಂತ ಅತ್ತವಳು, ಯಾರೋ "ಹಾಡು ಇರಲಿ ಬಿಡು" ಅಂದದ್ದಕ್ಕೆ ಹಾಡು ಕೈಹಿಡೀತು ಅಂತಾಳೆ. ಅವಳನ್ನು ದೂರಲ್ಲ ನಾನು. ಮೂವತ್ತು ವರ್ಷ ಟರ್ನರ್ ಸಂಬಳದಲ್ಲಿ ಮನೆ ನಡೆಸಿದವಳಿಗೆ, ಮಗನ ಮುಖ ಪಕ್ಕದ ಮನೆಯವರ ಟಿವಿಯಲ್ಲೂ ಬರುತ್ತೆ ಅನ್ನೋದು ಸಣ್ಣ ಸುಖವಲ್ಲ.

ಹುಡುಗ ಮಾತ್ರ ಮಂಕಾಗಿದ್ದಾನೆ. ಭಾನುವಾರ ನನ್ನ ಜೊತೆ ಮೆಟ್ರೋದಲ್ಲಿ ಬರುತ್ತಾ ಬಾಯಿಬಿಟ್ಟ. "ಮಾಮ, ಅಲ್ಲಿ ನನ್ ಬಾಯಿ ಇರುತ್ತೆ, ನನ್ ಮಾತಿರಲ್ಲ."

"ಚಂದನ್ ಶೆಟ್ಟಿ ಹೋಗಲಿಲ್ವೇನೋ?" ಅಂದೆ.

"ಅವ್ರು ಮೊದ್ಲು ದನಿ ಮಾಡ್ಕೊಂಡು ಆಮೇಲೆ ಮುಖ ತೋರ್ಸಿದ್ದು. ನಾನ್ ಮುಖನೇ ಮೊದ್ಲು ತೋರ್ಸ್‌ಬಿಟ್ರೆ, ಆಮೇಲೆ ದನಿ ಯಾರ್ ಕೇಳ್ತಾರೆ?"

ಇಪ್ಪತ್ತೊಂದು ವರ್ಷದ ಹುಡುಗನ ಬಾಯಲ್ಲಿ ಈ ಮಾತು! ನನಗೆ ತಕ್ಷಣ ನೆನಪಾದದ್ದು ರಾಕೇಶ್ ಅಡಿಗ. ರ‍್ಯಾಪರ್ ಆಗಿಯೂ ಜನರ ಕಣ್ಣಿಗೆ ಮೊದಲು ಬಿದ್ದದ್ದು 2009ರ 'ಜೋಶ್' ಚಿತ್ರದ ನಾಯಕನಾಗಿ. ನಟಿಸಿದರು, 2019ರಲ್ಲಿ 'ನೈಟ್ ಔಟ್' ಅಂತ ಸಿನಿಮಾ ನಿರ್ದೇಶಿಸಿದರು, 2022ರಲ್ಲಿ ಬಿಗ್ ಬಾಸ್ ಓಟಿಟಿಗೆ ಹೋಗಿ ಅಲ್ಲಿಂದ ಒಂಬತ್ತನೇ ಸೀಸನ್ನಿಗೆ ಬಂದು ಎರಡನೆಯವರಾದರು. ಕನ್ನಡ ರ‍್ಯಾಪಿನ ಮೊದಮೊದಲಿನವರಲ್ಲಿ ಇವರೊಬ್ಬರು ಅನ್ನೋದು ನನ್ನ ಅಕ್ಕನಂಥವರಿಗೆ ಇವತ್ತಿಗೂ ಗೊತ್ತಿಲ್ಲ. ಮುಖ ಮುಂದೆ ಹೋಗಿ ದನಿ ಹಿಂದೆ ಉಳಿದದ್ದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಆದರೆ ಅವರದೇ ಇನ್ನೊಂದು ಉದಾಹರಣೆಯನ್ನೂ ನಾನು ಹುಡುಗನಿಗೆ ಕೊಟ್ಟೆ. 2024ರ ನವೆಂಬರಿನಲ್ಲಿ ಬಂದ 'ಮರ್ಯಾದೆ ಪ್ರಶ್ನೆ'. ನಾಗರಾಜ ಸೋಮಯಾಜಿ ನಿರ್ದೇಶನ, ಸುನಿಲ್ ರಾವ್, ಪೂರ್ಣಚಂದ್ರ ಮೈಸೂರು ಅವರ ಜೊತೆ ರಾಕೇಶ್. ಬೆಂಗಳೂರಿನ ಮಧ್ಯಮವರ್ಗದ ಹುಡುಗರ ಕತೆ. ನಮ್ಮ ರಾಜಾಜಿನಗರ, ಬಸವೇಶ್ವರನಗರದ ಯಾವ ಅಡ್ಡರಸ್ತೆಯಲ್ಲಿ ನಿಂತರೂ ಸಿಗುವಂಥ ಹುಡುಗರು. ಅದರಲ್ಲಿ ಅವರು ರ‍್ಯಾಪ್ ಮಾಡಲಿಲ್ಲ, ಬರೆದದ್ದೂ ಅವರಲ್ಲ. ಆದರೂ ಬಾಯಿಗೆ ಒಗ್ಗಿದ ಮಾತಿತ್ತು, ಕಂಡ ಬದುಕಿತ್ತು. ಮುಖವಾಡ ಹಾಕಿಕೊಳ್ಳೋದು ತಪ್ಪಲ್ಲ. ರಾಜರತ್ನಂ ಹಾಕಿಕೊಳ್ಳಲಿಲ್ಲವಾ? ಆ ಮುಖವಾಡದ ಬಾಯಿಯಿಂದ ನಮ್ಮದೊಂದು ಮಾತು ಹೊರಗೆ ಬರೋಕೆ ಸಂದಿ ಇದೆಯಾ ಅಂತ ನೋಡಿಕೊಳ್ಳಬೇಕು ಅಷ್ಟೆ.

ಈ ಎಲ್ಲ ಕತೆ ಹೇಳಿ ಕೊನೆಗೆ ಅವನಿಗೆ ನಾನು ಹೇಳಿದ್ದು ಇಷ್ಟು. ಆಡಿಷನ್‌ಗೆ ಹೋಗು, ಬೇಡ ಅನ್ನಲ್ಲ. ಮನೆಯ ಬಾಡಿಗೆ, ಅಪ್ಪನ ಬೆನ್ನುನೋವು ಎರಡೂ ನಿಜ. ಆದರೆ ಹೋಗುವ ಮುಂಚೆ ಆ ಹೊಳೆಯ ಹಾಡನ್ನು ಪೂರ್ತಿ ಮುಗಿಸಿ, ಒಂದು ಒಳ್ಳೇ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿ ಹೊರಗೆ ಬಿಡು. ಖರ್ಚು ನನ್ನದು. ವಿಡಿಯೋ ಬೇಡ, ಬರೀ ದನಿ. ಐವತ್ತು ಜನ ಕೇಳಿದರೂ ಸರಿ. ಆ ಐವತ್ತು ಜನಕ್ಕೆ ನೀನು ಮೊದಲು ದನಿಯಾಗಿರ್ತೀಯ.

ಅವನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಈ ವಾರ ಮೂರನೇ ಚರಣ ಬರೆಯುತ್ತಿದ್ದಾನಂತೆ. ಆಡಿಷನ್ ಬರುವ ತಿಂಗಳು. ವಿಷಯ ಭಾವನ ಕಿವಿಗೂ ಬಿದ್ದಿದೆ. ಮನೆಯಲ್ಲಿ ಹೆಚ್ಚು ಮಾತಾಡದ ಮನುಷ್ಯ. ಮೊನ್ನೆ ಊಟ ಮಾಡುತ್ತಾ, "ಆ ಮೋರಿ ಹಾಡು ಕೇಳ್ದೆ. ನಾನು ಚಿಕ್ಕವನಿದ್ದಾಗ ಅದರಲ್ಲಿ ಈಜಿದೀನಿ. ಅದನ್ನೂ ಸೇರಿಸ್ಕೋ" ಅಂತ ಮಗನಿಗೆ ಅಂದರಂತೆ. ಅಕ್ಕನಿಗೆ ಇದು ಗೊತ್ತಾಗಿ, "ಅಪ್ಪ ಮಗ ಇಬ್ಬರಿಗೂ ತಲೆ ಕೆಟ್ಟಿದೆ" ಅಂತ ಈಗ ಇಬ್ಬರ ಮೇಲೂ ಮುನಿಸಿಕೊಂಡಿದ್ದಾಳೆ :)

ಚಂದನ್, ಆಲೋಕ್, ರಾಕೇಶ್ ಹೋಗುವಾಗ ಅಲ್ಲಿ ದಾರಿಯೇ ಇರಲಿಲ್ಲ, ತುಳಿದು ತುಳಿದು ಮಾಡಿಕೊಂಡರು. ಆ ದಾರಿ ಸಿನಿಮಾ ಮನೆಯ ಬಾಗಿಲಿಗೇ ಹೋಗಿ ಸೇರಿತು ಅಂತ ಅವರನ್ನು ದೂರೋದು ಸರಿಯಲ್ಲ. ಆ ಮನೆಗೆ ಹೋಗದೆಯೂ ಬದುಕಬಹುದಾದ ಒಂದು ಅಡ್ಡರಸ್ತೆಯನ್ನು ನಾವು ಕೇಳುವವರು ಮಾಡಿಕೊಡಲಿಲ್ಲ. ಹಾಡು ನೋಡ್ತೀವಿ, ಕೇಳಲ್ಲ. ಅದೇ ವಿಷಯ.

ನಿಮ್ಮ ಮನೆಯಲ್ಲೂ ಇಂಥ ಹುಡುಗನೋ ಹುಡುಗಿಯೋ ಇದ್ದರೆ ನೀವು ಏನು ಹೇಳ್ತಿದ್ರಿ? ಗೊತ್ತಿದ್ದವರು ಬರೆದು ತಿಳಿಸಿ. ಅಕ್ಕನಿಗೂ ಓದಿಸ್ತೀನಿ.